ಬುಟ್ಟಿಯೊಳಗೆ ಬಿದ್ದ ಮುಚ್ಚಳ

ಹಳ್ಳಿಯ ಕುಶಲಕರ್ಮಿಗಳಿಗೆ ನೆರವಾಗುವ ನಮ್ಮ ಸಂಸ್ಥೆ ಇರುವುದು ಯಾದವಗಿರಿಯ ಹಳೇ ಬಂಗಲೆಯೊಂದರ ಔಟ್‌ಹೌಸಿನಲ್ಲಿ. ಹದಿನೈದು ವರ್ಷದಿಂದ ಅಲ್ಲಿ ಫೈಲು ಹೊತ್ತು ಹೊತ್ತು ನನಗೆ ಸಾಕಾಗಿದೆ. ಸಭೆ, ತರಬೇತಿ, ವರದಿ, ಮತ್ತೆ ಸಭೆ. ನೆರವು ಎಂಬ ಮಾತು ಕೇಳಿದರೇ ಈಗ ತಲೆ ಚಿಟ್ಟು ಹಿಡಿಯುತ್ತದೆ. ಇದಕ್ಕೆ ಬೇರೆ ಯಾರನ್ನೂ ಬೈಯುವಂತಿಲ್ಲ, ಮಾಡಿಕೊಂಡವಳು ನಾನೇ.

ನಂಜನಗೂಡಿನ ಕಡೆಯ ಹಳ್ಳಿಯಿಂದ ಬಿದಿರುಬುಟ್ಟಿ ಹೆಣೆಯುವ ಅಕ್ಕ ಒಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಬುಟ್ಟಿ ಕೊಳ್ಳುವವರು ಕಡಿಮೆಯಾಗಿ, ಶ್ರೀರಾಂಪುರದ ಒಂದು ಹಾಸ್ಟೆಲ್ಲಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರುವವರಿದ್ದರು. ಅಷ್ಟರಲ್ಲಿ ಸಿಹಿತಿಂಡಿ ಅಂಗಡಿಯವರೊಬ್ಬರು ಮದುವೆಗೆಂದು ಮುಚ್ಚಳವಿರುವ ನೂರು ಬುಟ್ಟಿ ಕೇಳಿದರು. ಚೆನ್ನಾಗಿ ಬಂದರೆ ತಿಂಗಳು ತಿಂಗಳೂ ಕೊಳ್ಳುತ್ತೇವೆ ಎಂದರು. ಅಕ್ಕ ಹಾಸ್ಟೆಲ್ಲಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರು.

"ಕೈಕಸ್ಬು ಬುಟ್ಟು ಪೊರ್ಕೆ ಇಡ್ಕಂಡ್ರೆ ನಮ್ಮವ್ವ ಕನಸಲ್ಲಿ ಬಂದು ಬೈತಾಳೆ ಕಣ್ರವ್ವ," ಎಂದು ನಕ್ಕರು.

ಬುಟ್ಟಿ ಒಪ್ಪಿಸಲು ಇದ್ದದ್ದು ಹದಿನೈದೇ ದಿನ. ನಾನು ಜಾಣತನ ತೋರಿಸಿದೆ. ಬುಟ್ಟಿ ನೀವು ಹೆಣೆಯಿರಿ, ಪಕ್ಕದೂರಿಗೆ ಕೊಟ್ಟಿರುವ ನಿಮ್ಮ ತಂಗಿ ಮುಚ್ಚಳ ಹೆಣೆಯಲಿ, ಬೇಗ ಮುಗಿಯುತ್ತದೆ ಎಂದೆ.

"ಬುಟ್ಟಿ ಎಣೆದ ಕೈನೇ ಮುಚ್ಚಳಾನೂ ಎಣೀಬೇಕು. ನಮ್ಮಲ್ಲಿ ಅಂಗೇ ಮಾಡೋದು."

"ಅಳತೆ ಬರ್ದು ಕೊಡ್ತೀನಲ್ಲಕ್ಕ, ಯಾಕೆ ಯೋಚ್ನೆ ಮಾಡ್ತೀರ?" ಎಂದು ಬಾಯಿ ಮುಚ್ಚಿಸಿದೆ.

ಇಂಚು, ಸೆಂಟಿಮೀಟರು ಅವರಿಗೆ ತೊಡಕಾದೀತೆಂದು ಅವರ ರೂಢಿಯಲ್ಲೇ ಬರೆದೆ. ಬುಟ್ಟಿಯ ಬಾಯಿ ಒಂದು ಗೇಣು. ಮುಚ್ಚಳ ಒಂದು ಗೇಣಿನ ಮೇಲೆ ಒಂದು ಬೆರಳು. ಬರೆದು ಬೀಗಿದ್ದು ಬೇರೆ.

ಹದಿನೈದನೇ ದಿನ ಬೆಳಿಗ್ಗೆ ಎರಡೂ ಊರಿನಿಂದ ಮೂಟೆಗಳು ಬಂದವು. ಬುಟ್ಟಿ, ಮುಚ್ಚಳ ಒಟ್ಟಿಗೆ ಸೇರಿದ್ದು ನಮ್ಮ ಜಗಲಿಯಲ್ಲೇ ಮೊದಲು. ಅಕ್ಕನದು ಉದ್ದ ಬೆರಳಿನ ದೊಡ್ಡ ಕೈ. ತಂಗಿಯದು ಮಕ್ಕಳ ಕೈಯಷ್ಟೇ ಪುಟ್ಟದು, ಅವಳ ಗೇಣೂ ಅಷ್ಟೇ. ಒಂದೊಂದು ಮುಚ್ಚಳವೂ ಬುಟ್ಟಿಯೊಳಗೆ ಬಿದ್ದು ತಳ ಸೇರಿತು. ಇಬ್ಬರೂ ನನ್ನ ಚೀಟಿಯ ಪ್ರಕಾರವೇ ಹೆಣೆದಿದ್ದರು.

ಮದುವೆಗೆ ಎರಡೇ ದಿನವಿತ್ತು. ಅಂಗಡಿಯವರು ರಟ್ಟಿನ ಡಬ್ಬಿ ತರಿಸಿಕೊಂಡರು, ಆಮೇಲೆ ನನ್ನ ಫೋನು ಎತ್ತಲಿಲ್ಲ. ಅಕ್ಕ ಬುಟ್ಟಿಗಳನ್ನೆಲ್ಲ ಮತ್ತೆ ಮೂಟೆ ಕಟ್ಟಿಕೊಂಡು ಹೋದರು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ತಿಂಗಳು ನಮ್ಮ ವಾರ್ಷಿಕ ವರದಿ ಅಚ್ಚಾಗಿ ಬಂತು. ಒಳಪುಟದಲ್ಲಿ ಬುಟ್ಟಿ ಹಿಡಿದು ಕೂತ ಅಕ್ಕನ ಪುಟ್ಟ ಫೋಟೊ, ಕೆಳಗೆ 'ಸ್ವಾವಲಂಬನೆಯ ನಗು' ಎಂದು ನಾನೇ ಹಿಂದೆ ಬರೆದುಕೊಟ್ಟಿದ್ದ ಸಾಲು. ಅವತ್ತೇ ಅಕ್ಕ ಬಂದರು. ಹಾಸ್ಟೆಲ್ಲಿನ ಕೆಲಸ ಇನ್ನೂ ಖಾಲಿಯಿತ್ತಂತೆ, ನಾಳೆಯಿಂದಲೇ ಹೋಗಬೇಕಂತೆ. ವರದಿಯನ್ನು ಮುಚ್ಚಿಡಲು ಹೋದೆ, ಅಷ್ಟರಲ್ಲಿ ಅವರು ನೋಡಿಬಿಟ್ಟಿದ್ದರು.

"ಚೆಂದಾಗ್ ಬಂದದೆ," ಎಂದು ಫೋಟೊ ಮೇಲೆ ಬೆರಳಾಡಿಸಿದರು. "ಆಸ್ಟ್ಲಿನೋರು ಕಾರ್ಡಿಗೆ ಒಂದು ಫೋಟ ಕೇಳವ್ರೆ ಕಣ್ರವ್ವ. ಇದ್ನೇ ಕತ್ತರಿಸ್ಕಳ್ಳಾ?"

ಮೇಜಿನ ಖಾನೆಯಿಂದ ಕತ್ತರಿ ತೆಗೆದುಕೊಟ್ಟೆ. ಅವರು ಬುಟ್ಟಿ ಬಿಟ್ಟು ಮುಖವನ್ನಷ್ಟೇ ಕತ್ತರಿಸಿಕೊಂಡರು.