ಕೆಂಪು ಬಣ್ಣದ ಕೆಳಗೆ

ನನ್ನ ಕೈ ಚಲೋದು ಎಂದು ನಮ್ಮೂರು ಅಂತೂರ-ಬೆಂತೂರಿನಲ್ಲಿ ಹೆಸರಿತ್ತು. ರಂಗೋಲಿ, ಕಸೂತಿ, ಗೋಡೆಗೆ ಕೆಮ್ಮಣ್ಣಿನ ಪಟ್ಟಿ, ಎಲ್ಲದಕ್ಕೂ ಓಣಿಯವರು ನನ್ನನ್ನೇ ಕರೆಯುತ್ತಿದ್ದರು. ಆ ಸೊಕ್ಕು ನನಗೂ ಇತ್ತು. ಎಪ್ಪತ್ತರ ದಶಕದ ಕೊನೆಗೆ, ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದಾಗ, ನವರಾತ್ರಿಯ ಖಂಡೆ ಪೂಜೆಗೆ ಅಪ್ಪನ ಟ್ರ್ಯಾಕ್ಟರಿಗೆ ನಾನೇ ಬಣ್ಣ ಹಚ್ಚುತ್ತೇನೆಂದು ಹಟ ಹಿಡಿದೆ.

ಆಗ ಅದರ ಬ್ಯಾಟರಿ ಬೆಟಗೇರಿಯ ಕಾಕಾನ ಅಂಗಡಿಗೆ ಹೋಗಿತ್ತು. ಕಾಕಾ ನಮ್ಮ ಬಳಗದವರಲ್ಲ, ಅಪ್ಪನ ಬಾಲ್ಯದ ಗೆಳೆಯರು. ಹಿಂಗಾರಿ ಬಿತ್ತನೆಗೆ ಮುಂಚೆ ಪ್ರತಿ ವರ್ಷ ಅವರೇ ಬ್ಯಾಟರಿ ಚಾರ್ಜ್ ಮಾಡಿಕೊಡುತ್ತಿದ್ದರು. ಬ್ಯಾಟರಿ ಕೂರುವ ಜಾಗ ಖಾಲಿ ಇತ್ತಲ್ಲ, ಅದನ್ನೂ ಬಿಡಲಿಲ್ಲ ನಾನು. ಅಲ್ಲಿಂದ ಹೊರಟ ದಪ್ಪ ಲೋಹದ ಪಟ್ಟಿಯೊಂದನ್ನು ಟ್ರ್ಯಾಕ್ಟರಿನ ಮೈಗೆ ಬೋಲ್ಟಿನಿಂದ ಬಿಗಿದಿದ್ದರು. ಪಾನಾ ಹಾಕಿ ಅದನ್ನು ಬಿಚ್ಚಿ, ಅದರಡಿಯ ಕಬ್ಬಿಣಕ್ಕೂ ಎರಡೆರಡು ಸಲ ಕೆಂಪು ಬಣ್ಣ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದೆ. ಪೂಜೆಗೆ ಬಂದವರೆಲ್ಲ ಹೊಗಳಿದರು. "ನಮ್ಮ ಹುಡುಗಿ ಕೈಕೆಲಸರಿ ಅದು," ಎಂದು ಅಪ್ಪ ಹೇಳಿದ್ದೇ ಹೇಳಿದ್ದು.

ಕಾಕಾನ ಅಂಗಡಿಯಿಂದ ಬ್ಯಾಟರಿ ಬಂದು ಕೂತ ಮರುದಿನದಿಂದ ಪೇಚಾಟ ಶುರುವಾಯಿತು. ಟ್ರ್ಯಾಕ್ಟರ್ ಒಂದು ದಿನ ನಡೆದರೆ ಮರುದಿನ ಗುರ್ರೆಂದು ಸುಮ್ಮನಾಗುತ್ತಿತ್ತು. ಚಾರ್ಜ್ ತೋರಿಸುವ ಮುಳ್ಳು ಅಲುಗಾಡುತ್ತಿರಲಿಲ್ಲ. ಅಪ್ಪ ಡೈನಮೋದ ಬೆಲ್ಟ್ ಬಿಗಿದ, ವೈರು ಬದಲಿಸಿದ, ಬ್ಯಾಟರಿಯ ತಲೆಗಳನ್ನು ಬಿಸಿನೀರಿನಲ್ಲಿ ತೊಳೆದ. ಎರಿ ಹೊಲದ ಹಸಿ ಆರುತ್ತಿತ್ತು, ಜೋಳ ಬಿತ್ತುವುದು ಬಾಕಿಯಿತ್ತು. ಕೊನೆಗೆ ಬ್ಯಾಟರಿಯನ್ನು ಚಕ್ಕಡಿಗೆ ಹೇರಿಕೊಂಡು ಬೆಟಗೇರಿಗೆ ಹೊರಟ. ಕಸೂತಿಯ ದಾರ ತರಲು ನಾನೂ ಹತ್ತಿ ಕುಳಿತೆ.

ಕಾಕಾ ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದು ಬ್ಯಾಟರಿಯ ಒಂದೊಂದೇ ಸೆಲ್ ಪರೀಕ್ಷಿಸಿದರು.

"ಬ್ಯಾಟರಿ ಚಲೋ ಐತಿ. ದೋಷ ಗಾಡ್ಯಾಗ ಐತಿ. ಅರ್ಥ್ ನೋಡಿದೇನು? ನಾಳೆ ನಾನ ಬಂದು ನೋಡತೀನಿ ತಡಿ."

"ನಿನ್ನ ಅಂಗಡಿಗೆ ಬರೂತನಕ ಗಾಡಿ ಚಲೋನ ಇತ್ತು," ಎಂದ ಅಪ್ಪ. ಅವನ ದನಿ ಏರಿತು. "ಒಳಗಿನ ಪ್ಲೇಟ್ ತಗದು ಹಳೇವು ತುರುಕೀದಿ. ಖರೆ ಹೇಳಲೇ!"

ಅಂಗಡಿಯಲ್ಲಿ ನಮ್ಮೂರಿನ ಇಬ್ಬರು ಗಿರಾಕಿಗಳಿದ್ದರು. ಕಾಕಾ ನಳಿಗೆಯನ್ನು ಮೆಲ್ಲಗೆ ಕೆಳಗಿಟ್ಟು, "ಹೋಗಿ ಬಾ," ಎಂದರು. ಅಪ್ಪ ಗದಗಿನ ಇನ್ನೊಂದು ಅಂಗಡಿಯಲ್ಲಿ ಹೊಸ ಬ್ಯಾಟರಿ ಕೊಂಡ.

ದಾರಿಯಲ್ಲಿ, ಅರ್ಥ್ ಅಂದರೇನು ಎಂದು ಕೇಳಿದೆ.

"ಗಾಡಿ ಮೈಗೆ ಬಿಗದಿರತಾರಲ್ಲ, ಆ ಪಟ್ಟಿ. ಅದಕ್ಕೇನಾಗೇತಿ, ಗಟ್ಟಿ ಐತಿ."

ನಾನು ಬಿಚ್ಚಿ ಅಡಿಗೆ ಬಣ್ಣ ಬಳಿದದ್ದು ಅದೇ ಪಟ್ಟಿಯನ್ನು. ಮನೆಗೆ ಬಂದು ಅಪ್ಪ ಊಟಕ್ಕೆ ಕೂತಾಗ ಹೋಗಿ ಪಟ್ಟಿ ಬಿಚ್ಚಿದೆ. ಕೆಳಗೆ ನಾನು ಬಳಿದ ಬಣ್ಣ ನುಣ್ಣಗೆ ಹೊಳೆಯುತ್ತಿತ್ತು. ಪಟ್ಟಿ ಕಬ್ಬಿಣಕ್ಕೆ ತಾಗದಂತೆ ಅದೇ ತಡೆದಿತ್ತು. ಕುಡಗೋಲಿನ ತುದಿಯಿಂದ ಕೆರೆದು ಮತ್ತೆ ಬಿಗಿದೆ.

ಹೊಸ ಬ್ಯಾಟರಿ ಕೂರಿಸಿದ್ದೇ ಟ್ರ್ಯಾಕ್ಟರ್ ಶುರುವಾಯಿತು, ಮುಳ್ಳು ಚಾರ್ಜಿನ ಕಡೆ ವಾಲಿತು. "ನೋಡಿದೇನು ಆ ಕಳ್ಳನ ಕೆಲಸ?" ಎಂದ ಅಪ್ಪ. ಬಣ್ಣದ ಮಾತು ನಾನು ಎತ್ತಲಿಲ್ಲ. ಹೆದರಿಕೆಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ನನಗೆ ಗದರಿದವನೂ ಅಲ್ಲ. ಕೈ ಚಲೋದು ಎಂಬ ಹೆಸರು ಹೋದೀತೆಂದು ಸುಮ್ಮನಿದ್ದೆ. ಎಂಥ ನಾಚಿಕೆಗೇಡು! ಆ ಹಂಗಾಮಿನಿಂದ ನಮ್ಮೂರಿನ ಒಂದು ಬ್ಯಾಟರಿಯೂ ಕಾಕಾನ ಅಂಗಡಿಗೆ ಹೋಗಲಿಲ್ಲ. ಅಪ್ಪ ಸಾಯುವವರೆಗೂ ಅವರೊಡನೆ ಮಾತಾಡಲಿಲ್ಲ.

ನಾನು ಮದುವೆಯಾಗಿ ಮುಂಡರಗಿಗೆ ಹೋದ ಮೇಲೆ, ಒಂದು ಮಧ್ಯಾಹ್ನ ಗದಗಿನ ಬಸ್ ನಿಲ್ದಾಣದಲ್ಲಿ ಕಾಕಾ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆ, ಮಕ್ಕಳು ಎಲ್ಲ ವಿಚಾರಿಸಿ, ಆಮೇಲೆ ಕೇಳಿದರು:

"ತಂಗಿ, ಅವತ್ತ ಅರ್ಥ್ ನೋಡಿದ್ರೇನು?"

ಸುತ್ತ ಯಾರೂ ಇರಲಿಲ್ಲ. ಅಪ್ಪನೂ ಇರಲಿಲ್ಲ. ಹೇಳಬಹುದಿತ್ತು.

"ನೋಡಿದಿವ್ರಿ ಕಾಕಾ. ಏನೂ ಇರಲಿಲ್ಲ."

"ಹಂಗಾದ್ರ ನಂದ ತಪ್ಪು ಆಗಿರಬೇಕವಾ," ಎಂದರು. "ಎಲ್ಲಿ ತಪ್ಪಿದೆ ಅಂತ ಇನ್ನೂ ತಿಳೀವಲ್ದು."

ಮುಂಡರಗಿ ಬಸ್ಸು ಬಂತು. ನನ್ನ ಚೀಲ ಅವರೇ ಎತ್ತಿ ಒಳಗಿಟ್ಟು ಇಳಿದರು.