ನಂಬರಿಲ್ಲದ ಇಂಜಿನ್ನಿಗೆ ಸಾಕ್ಷಿ ಹೇಳುವ ಸ್ಟೋರಕ್ಕ

ಬೆಳಗಿನ ಆರೂಕಾಲು. ಮನೆಯ ಹಿಂದಿನ ಗ್ಯಾರೇಜಿನ ಶಟರ್ ಅರ್ಧಕ್ಕೆ ಎದ್ದಿದೆ. ಅದರಡಿಯಿಂದ ನುಗ್ಗಿದ ಎಳೆಬಿಸಿಲು ನೆಲದ ಮೇಲೆ ಚಾಪೆಯಂತೆ ಹಾಸಿಕೊಂಡು ಒಂದು ದೊಡ್ಡ ಮರದ ಪೆಟ್ಟಿಗೆಯ ಬುಡ ಮುಟ್ಟಿದೆ. ಪೆಟ್ಟಿಗೆಯ ಒಂದು ಮಗ್ಗುಲಿನ ಹಲಗೆ ಬಿಚ್ಚಿದ್ದಾರೆ. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿರುವ ಅರವತ್ತನಾಲ್ಕು ವರ್ಷದ ಹೆಂಗಸು ಪೆಟ್ಟಿಗೆಯೊಳಕ್ಕೆ ತಲೆ ಹಾಕಿ ಮೂಸುತ್ತಿದ್ದಾರೆ. ಇನ್ನೂ ಏನನ್ನೂ ಮುಟ್ಟಿಲ್ಲ.

"ಮೊದಲು ಮೂಗು, ಆಮೇಲೆ ಕಣ್ಣು, ಕೊನೆಗೆ ಕೈ. ಓಡಿದ ಇಂಜಿನ್ನು ಸುಟ್ಟ ಎಣ್ಣೆ ವಾಸನೆ ಹೊಡೆಯುತ್ತೆ, ನೂರು ಸಲ ತೊಳೆದರೂ ಹೋಗಲ್ಲ. ಇದು ಹಳೇ ಮೇಣದ ಹಾಗಿದೆ. ನೋಡೋಣ," ಎನ್ನುತ್ತಾರೆ.

ಹಳೆಯ ಕಾರುಗಳ ಗ್ಯಾರೇಜುಗಳಲ್ಲೆಲ್ಲ ಇವರಿಗೆ ಇರುವುದು ಒಂದೇ ಹೆಸರು: ಸ್ಟೋರಕ್ಕ. ನಲವತ್ತೈವತ್ತು ವರ್ಷ ಪೆಟ್ಟಿಗೆಯಲ್ಲೇ ಕೂತ ಇಂಜಿನ್ ಕಂಪನಿಯದೋ, ಯಾರೋ ಬಣ್ಣ ಬಳಿದು ತಂದದ್ದೋ, ಒಮ್ಮೆಯಾದರೂ ಕಾರಿನೊಳಗೆ ಕೂತಿತ್ತೋ, ಇವತ್ತು ಅದಕ್ಕೆ ಎಷ್ಟು ಬೆಲೆ, ಇಷ್ಟನ್ನೂ ಒಂದು ಬೆಳಗಿನಲ್ಲಿ ಹೇಳುವುದು ಇವರ ಕೆಲಸ. ಈ ಕೆಲಸಕ್ಕೆ ಬೋರ್ಡಿಲ್ಲ, ಕಲಿಸುವ ಶಾಲೆಯೂ ಇಲ್ಲ.

ಇವತ್ತು ಮಾತ್ರ ಬೆಲೆಗಿಂತ ದೊಡ್ಡ ಪ್ರಶ್ನೆಯೊಂದು ಗೋಡೆಗೊರಗಿ ನಿಂತಿದೆ. ಈ ಗ್ಯಾರೇಜಿನ ಮೆಕ್ಯಾನಿಕ್ ತೀರಿಕೊಂಡು ಮೂರು ವರ್ಷ. ಹೋದ ವಾರ ಅವರ ಹೆಂಡತಿ ಜಾಗ ಖಾಲಿ ಮಾಡಿಸಲು ಗುಜರಿಯವನನ್ನು ಕರೆಸಿದರು. ಅವನು ಇಂಜಿನ್ನಿನ ಮಗ್ಗುಲಿಗೆ ಟಾರ್ಚ್ ಹಾಕಿ ನಾಲಿಗೆ ಕಚ್ಚಿಕೊಂಡ. ನಂಬರ್ ಇರಬೇಕಾದ ಜಾಗ ಬೋಳಾಗಿತ್ತು. "ಉಜ್ಜಿ ತೆಗೆದಿದ್ದಾರೆ ಕಣಮ್ಮ, ಇದು ಕದ್ದ ಮಾಲು. ತೂಕದ ಲೆಕ್ಕದಲ್ಲಿ ಕೊಟ್ಟುಬಿಡಿ, ನಾನು ಬಾಯಿ ಬಿಡಲ್ಲ," ಎಂದ. ಬಾಯಿ ಬಿಡಲ್ಲ ಎಂದವನೇ ಸಂಜೆಯೊಳಗೆ ಬೀದಿಯ ಮೂರು ಅಂಗಡಿಯಲ್ಲಿ ಬಿಟ್ಟಿದ್ದ.

"ಮೂವತ್ತು ವರ್ಷ ಅವರ ಜೊತೆ ಬಾಳಿದೀನಿ ಅಕ್ಕಾ," ಎನ್ನುತ್ತಾರೆ ಯಜಮಾನಿ. "ಗಿರಾಕಿ ಕಾರಿನ ಸೀಟಿನ ಕೆಳಗೆ ಚಿಲ್ಲರೆ ಸಿಕ್ಕರೂ ಪೊಟ್ಟಣ ಕಟ್ಟಿ ಇಡ್ತಿದ್ರು. ಬೆಲೆ ಎಷ್ಟಾದರೂ ಬರಲಿ, ಬಿಡಲಿ. ನನ್ನ ಗಂಡ ಕಳ್ಳನಾ ಅಲ್ವಾ, ಅಷ್ಟು ಹೇಳಿ ಸಾಕು."

ಅವರ ಪಕ್ಕದಲ್ಲೇ ಮೈದುನ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಅಚ್ಚೊತ್ತುವ ಉಕ್ಕಿನ ಪಂಚುಗಳ ಡಬ್ಬಿ. ಅಣ್ಣನ ಮಾನ ಉಳಿಸಲು ಅವರು ಕಂಡುಕೊಂಡ ದಾರಿ ಸುಲಭದ್ದು: ಬೋಳು ಜಾಗದಲ್ಲಿ ಒಂದು ನಂಬರ್ ಹೊಡೆದುಬಿಡುವುದು.

"ಐದು ನಿಮಿಷದ ಕೆಲಸ ಅತ್ತಿಗೆ. ನಂಬರ್ ಇದ್ದರೆ ಯಾರು ಕೇಳ್ತಾರೆ?"

"ರಾಯರೇ," ಎನ್ನುತ್ತಾರೆ ಸ್ಟೋರಕ್ಕ, ತಿರುಗಿ ನೋಡದೆ. "ಆ ಸುತ್ತಿಗೆ ಸ್ವಲ್ಪ ಕೆಳಗಿಡಿ. ನಿಮ್ಮ ಕೈಗೂ ನೋವು, ನನ್ನ ಎದೆಗೂ ನೋವು."

ಬೆಳಗ್ಗೆಯೇ ಬರುವುದಕ್ಕೆ ಕಾರಣವಿದೆ. ನಡುಹಗಲಿನ ಬೆಳಕು ನೆತ್ತಿಯಿಂದ ಬಿದ್ದು ಎಲ್ಲವನ್ನೂ ನುಣ್ಣಗೆ ತೋರಿಸುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ಗೀರಿಗೂ ನೆರಳು ಬೀಳುತ್ತದೆ. ಇವರ ಚೀಲದಲ್ಲಿರುವುದು ಹಲ್ಲಿನ ಡಾಕ್ಟರು ಬಳಸುವಂಥ ಉದ್ದ ಹಿಡಿಯ ಕನ್ನಡಿ, ಪೆನ್ನಿನಷ್ಟು ಟಾರ್ಚ್, ಬಿಳಿ ಹತ್ತಿಬಟ್ಟೆ, ಸೀಮೆಎಣ್ಣೆಯ ಪುಟ್ಟ ಶೀಶೆ, ಗಟ್ಟಿ ಅಂಚಿನ ಒಂದು ಬ್ಲೇಡು. ಒಟ್ಟು ತೂಕ ಒಂದು ಕಿಲೋ ಇಲ್ಲ.

ಬಟ್ಟೆ ಸುತ್ತಿದ ಬೆರಳು ಹೊಗೆ ಹೊರಹೋಗುವ ತೂತಿನೊಳಗೆ ಹೋಗಿ ಬರುತ್ತದೆ. ಬಟ್ಟೆಯ ಮೇಲೆ ಬೂದಿಯಂಥ ಮಸಿ. ಮೈದುನ ಬಗ್ಗಿ ನೋಡಿ, "ಓಡಿದೆ ಹಾಗಾದ್ರೆ!" ಎಂದು ಉದ್ಗರಿಸುತ್ತಾರೆ.

"ಓಡಿದೆ, ಕಾರ್ಖಾನೆಯಲ್ಲಿ. ಸ್ಟ್ಯಾಂಡಿನ ಮೇಲಿಟ್ಟು ಸ್ವಲ್ಪ ಹೊತ್ತು ಓಡಿಸಿ ನೋಡಿಯೇ ಕಳಿಸ್ತಿದ್ದದ್ದು. ಈ ಮಸಿ ಉಫ್ ಅಂದರೆ ಹಾರುತ್ತೆ, ನೋಡಿ. ರಸ್ತೆಯ ಮಸಿ ಹಾರಲ್ಲ, ನೆಂಟರ ಹಾಗೆ ಅಂಟಿಕೊಂಡು ಕೂರುತ್ತೆ."

ಆಮೇಲೆ ಕಾರಿನ ಚೌಕಟ್ಟಿಗೆ ಇಂಜಿನ್ನನ್ನು ಬಿಗಿಯುವ ಬೋಲ್ಟಿನ ತೂತುಗಳು. ಒಮ್ಮೆ ಬೋಲ್ಟ್ ಬಿಗಿದರೂ ಸಾಕು, ವಾಷರಿನ ಉಂಗುರದ ಗುರುತು ಬಣ್ಣದ ಮೇಲೆ ಉಳಿಯುತ್ತದೆ. ಇಲ್ಲಿ ನಾಲ್ಕೂ ತೂತಿನ ತಿರುಪಿನ ಸುತ್ತುಗಳೊಳಗೂ ಕಾರ್ಖಾನೆಯ ಹಸಿರು ಬಣ್ಣ ಹಾಗೇ ಇದೆ. ಸ್ಟಾರ್ಟರ್ ಕಚ್ಚುವ ದೊಡ್ಡ ಚಕ್ರದ ಹಲ್ಲುಗಳನ್ನು ಕನ್ನಡಿಯಲ್ಲಿ ಒಂದೊಂದಾಗಿ ನೋಡುತ್ತಾರೆ. ಯಾವ ಹಲ್ಲೂ ಸವೆದಿಲ್ಲ, ಯಾವ ತುದಿಯೂ ಚಕ್ಕೆ ಎದ್ದಿಲ್ಲ. ಸ್ಟೋರಕ್ಕ ಕನ್ನಡಿ ಕೆಳಗಿಡುತ್ತಾರೆ. "ಅಬ್ಬಾ," ಎನ್ನುತ್ತಾರೆ ಮೆಲ್ಲಗೆ. "ಇದು ಯಾವ ಮನೆ ಹೊಸಿಲನ್ನೂ ತುಳಿದಿಲ್ಲ."

ಇಪ್ಪತ್ತನೇ ವಯಸ್ಸಿಗೆ ಅವರು ಕಾರು ಕಂಪನಿಯೊಂದರ ಬಿಡಿಭಾಗಗಳ ಸ್ಟೋರಿಗೆ ಗುಮಾಸ್ತೆಯಾಗಿ ಸೇರಿದರು. ಹನ್ನೊಂದು ಸಾವಿರ ಗೂಡು, ಗೂಡಿಗೊಂದು ಕಾರ್ಡು, ಇಪ್ಪತ್ತಾರು ವರ್ಷ. ಮೊದಲ ಒಂದು ವರ್ಷ ಗಂಡಸರು ಬೇಕೆಂದೇ ತಪ್ಪು ನಟ್ಟು ಕೇಳಿ ನಗುತ್ತಿದ್ದರಂತೆ. ಎರಡನೇ ವರ್ಷ ಮೇಜಿನ ಮೇಲೆ ಬಿದ್ದ ನಟ್ಟಿನ ಸದ್ದು ಕೇಳಿಯೇ ಇವರು ಗೂಡಿನ ಸಂಖ್ಯೆ ಹೇಳತೊಡಗಿದ ಮೇಲೆ ನಗು ನಿಂತಿತು. ಕಂಪನಿ ಮುಚ್ಚಿದಾಗ ಕಪಾಟುಗಳನ್ನು ಗುಜರಿಗೆ ಹಾಕಿದರು. ಕಾರ್ಡುಗಳನ್ನು ಕೇಳುವವರೇ ಇರಲಿಲ್ಲ. ಇವರು ಆರು ಟ್ರಂಕು ತುಂಬಿಸಿ ಮನೆಗೆ ತಂದರು. ಮಂಚದ ಕೆಳಗೆ ಈಗಲೂ ಅವೇ ಇವೆ.

"ಮದುವೆಯಾಗಿ ಮೂವತ್ತೊಂಬತ್ತು ವರ್ಷ, ನನ್ನ ಚಪ್ಪಲಿ ಇಡೋಕೆ ಆ ಮನೇಲಿ ಜಾಗ ಸಿಕ್ಕಿಲ್ಲ," ಎನ್ನುತ್ತಾರೆ ಸ್ಕೂಟರಿನಲ್ಲಿ ಅವರನ್ನು ಕರೆತಂದು ಹೊರಗೆ ಪೇಪರ್ ಓದುತ್ತಿರುವ ಸ್ಟೋರಕ್ಕನ ಗಂಡ. "ನಾನೂ ಒಂದು ಕಾರ್ಡು ಬರೆಸಿಕೊಂಡಿದ್ರೆ ಒಳ್ಳೇದಿತ್ತು."

"ನಿಮ್ಮದು ಬರೆದಾಗಿದೆ," ಎಂದು ಒಳಗಿನಿಂದ ದನಿ ಬರುತ್ತದೆ. "ಬದಲಿ ಸಿಗಲ್ಲ ಅಂತ."

ಇದುವರೆಗೆ ಅವರು ನೋಡಿದ ಪೆಟ್ಟಿಗೆ ಇಂಜಿನ್ನುಗಳು ಆರುನೂರ ಚಿಲ್ಲರೆ. ಅವುಗಳಲ್ಲಿ ನಿಜಕ್ಕೂ ಕಾರು ಕಾಣದವು ಹದಿನೇಳು. ತಿಂಗಳಿಗೆ ನಾಲ್ಕೈದು ಕರೆ ಬರುತ್ತವೆ, ಒಂದೊಂದಕ್ಕೆ ಇನ್ನೂರು ಕಿಲೋಮೀಟರ್ ಹೋಗಿದ್ದೂ ಇದೆ. ತೆಗೆದುಕೊಳ್ಳುವುದು ಪೆಟ್ರೋಲ್ ಮತ್ತು ಒಂದು ದಿನದ ಕೂಲಿ. ಇಂಜಿನ್ ಅಸಲಿಯಾದರೂ ಅಷ್ಟೇ, ನಕಲಿಯಾದರೂ ಅಷ್ಟೇ. "ಬೆಲೆಯಲ್ಲಿ ಪಾಲು ತಗೊಂಡ್ರೆ ಕಣ್ಣು ಇಲ್ಲದ್ದನ್ನೂ ನೋಡೋಕೆ ಶುರು ಮಾಡುತ್ತೆ."

ಬೋಳು ಜಾಗದ ಗುಟ್ಟು ಇವರಿಗೆ ದುಬಾರಿ ಪಾಠ. ಸ್ಟೋರಿಗೆ ಸೇರಿದ ಮೂರನೇ ವರ್ಷ ಹೊರಗಿನ ಮೆಕ್ಯಾನಿಕ್ ಒಬ್ಬರು ಬಳಸದ ಇಂಜಿನ್ನೊಂದನ್ನು ವಾಪಸ್ ತಂದರು. ನಂಬರ್ ಇರಲಿಲ್ಲ. ಇವರು ಕಾರ್ಡಿನಲ್ಲಿ "ನಂಬರ್ ಅಳಿಸಲಾಗಿದೆ" ಎಂದು ಬರೆದುಬಿಟ್ಟರು. ಕಂಪನಿಯವರು ಆ ಮನುಷ್ಯನನ್ನು ಗೇಟಿನ ಹೊರಗೆ ನಿಲ್ಲಿಸಿ ಎಲ್ಲರೆದುರು ವಿಚಾರಿಸಿದರು. ಆ ಮೆಕ್ಯಾನಿಕ್ ಮತ್ತೆ ಆ ಬೀದಿಯಲ್ಲಿ ಕಾಣಿಸಲಿಲ್ಲ. ಎರಡು ತಿಂಗಳ ಮೇಲೆ ಕಾರ್ಖಾನೆಯಿಂದ ಬಂದ ಹಿರಿಯರೊಬ್ಬರು ವಿಷಯ ಬಿಡಿಸಿ ಹೇಳಿದರು. ಕೆಟ್ಟ ಇಂಜಿನ್ನಿನ ಬದಲಿಗೆ ಕಂಪನಿ ಕಳಿಸುವ ಹೊಸ ಇಂಜಿನ್ನಿಗೆ ನಂಬರ್ ಹೊಡೆಯುವುದೇ ಇಲ್ಲ. ಕಾರಿನ ದಾಖಲೆಯಲ್ಲಿ ಹಳೆಯ ನಂಬರ್ ಇರುತ್ತದಲ್ಲ, ಅದನ್ನೇ ಹೊಸದರ ಮೇಲೆ ಕೂರಿಸುವ ದಿನ ಹೊಡೆಯಬೇಕು. ಕಾರು ಸಿಗುವವರೆಗೆ ಅದು ಬೋಳಾಗಿಯೇ ಇರಬೇಕು.

"ಆಮೇಲೆ ಆ ಮೆಕ್ಯಾನಿಕ್ಕನ್ನ ಹುಡುಕಿಕೊಂಡು ಹೋದೆ. ಮನೆ ಖಾಲಿ ಮಾಡಿದ್ರು," ಎನ್ನುತ್ತಾರೆ ಸ್ಟೋರಕ್ಕ. "ಆ ಕಾರ್ಡು ಮೊದಲನೇ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೇ ಇದೆ. ಮುಚ್ಚಳ ತೆಗೆದಾಗೆಲ್ಲ ನನ್ನ ಅಕ್ಷರ ನನಗೇ ಕಾಣುತ್ತೆ."

ಹಾಗಿದ್ದರೂ ಬೋಳಾಗಿರುವುದೆಲ್ಲ ಸಾಚಾ ಅಲ್ಲ. ಹುಟ್ಟಾ ಬೋಳೋ, ಉಜ್ಜಿ ಬೋಳು ಮಾಡಿದ್ದೋ, ಅದನ್ನು ಹೇಳುವುದರಲ್ಲೇ ಇಡೀ ವಿದ್ಯೆ ಇದೆ. ಸ್ಟೋರಕ್ಕ ಬಟ್ಟೆಯ ತುದಿಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟು, ಎರಡು ಬೆರಳಗಲದ ಆ ಪಟ್ಟಿಯ ಮೇಲಿನ ಗಟ್ಟಿ ಗ್ರೀಸನ್ನು ಮಗುವಿನ ಮುಖ ಒರೆಸುವಂತೆ ಒರೆಸುತ್ತಾರೆ. ಉಳಿದ ಗ್ರೀಸನ್ನು ಮುಟ್ಟುವುದಿಲ್ಲ, ಅದೂ ಸಾಕ್ಷಿಯೇ. ಪಟ್ಟಿ ಹೊಳೆಯುತ್ತದೆ. ಓರೆ ಬಿಸಿಲಿನಲ್ಲಿ ಅದರ ಮೇಲೆ ಸಣ್ಣ ಗೆರೆಗಳು, ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ. ಕಾರ್ಖಾನೆಯ ಕಟ್ಟರ್ ಒಂದೇ ಎಳೆತಕ್ಕೆ ಎಳೆದ ಗೆರೆಗಳವು. ಅರದಿಂದ ಉಜ್ಜಿದ್ದರೆ ಅವು ಅಡ್ಡಾದಿಡ್ಡಿಯಾಗಿರುತ್ತಿದ್ದವು.

"ಗೆರೆಯನ್ನೂ ಜಾಣರು ಎಳೆದುಬಿಡ್ತಾರೆ," ಎನ್ನುತ್ತಾ ಬ್ಲೇಡು ತೆಗೆಯುತ್ತಾರೆ. "ಆದರೆ ಉಜ್ಜಿದ ಕಬ್ಬಿಣ ಹಳ್ಳ ಬೀಳಲೇಬೇಕು. ಈಗ ಇದರ ಅಂಚನ್ನ ಪಟ್ಟಿ ಮೇಲೆ ನೆಟ್ಟಗೆ ನಿಲ್ಲಿಸ್ತೀನಿ. ಹಿಂದಿನಿಂದ ಟಾರ್ಚು. ಕೆಳಗಿಂದ ಬೆಳಕು ನುಸುಳಿದರೆ ಯಾರೋ ಕೈಯಾಡಿಸಿದ್ದಾರೆ ಅಂತ. ತಂಗೀ, ನೀವೇ ಬಂದು ನೋಡಿ. ನಾನು ಹೇಳಿದ್ದನ್ನ ನಂಬಬೇಡಿ."

ಯಜಮಾನಿ ಪಕ್ಕದಲ್ಲಿ ಮಂಡಿಯೂರುತ್ತಾರೆ. ಮೈದುನ ಡಬ್ಬಿಯನ್ನು ಎದೆಗವಚಿಕೊಂಡಿದ್ದಾರೆ. ಟಾರ್ಚು ಹೊತ್ತುತ್ತದೆ. ಬ್ಲೇಡಿನ ಈಚೆ ಕತ್ತಲೆ. ಅರ್ಧ ಬೆರಳು ಸರಿಸುತ್ತಾರೆ, ಕತ್ತಲೆ. ಮೂಲೆಯಿಂದ ಮೂಲೆಗೆ ನಿಲ್ಲಿಸುತ್ತಾರೆ, ಕತ್ತಲೆ. ಯಾವ ಕಡೆಯಿಂದಲೂ ಒಂದು ಎಳೆ ಬೆಳಕು ಈಚೆ ಬರುವುದಿಲ್ಲ. ನಲವತ್ತೆಂಟು ವರ್ಷದ ಹಿಂದೆ ಯಾವುದೋ ಯಂತ್ರ ಕತ್ತರಿಸಿ ಬಿಟ್ಟ ಕಬ್ಬಿಣ, ಅಂದಿನಿಂದ ಇಂದಿನವರೆಗೆ ಒಂದು ಅರವೂ ಸೋಕದೆ ಕೂತಿದೆ.

"ಏನೂ ಕಾಣಲ್ಲ ಅಕ್ಕಾ," ಎನ್ನುತ್ತಾರೆ ಯಜಮಾನಿ.

"ಅದೇ. ಏನೂ ಕಾಣಬಾರದು. ಇಲ್ಲಿ ಯಾರೂ ಏನೂ ಅಳಿಸಿಲ್ಲ, ಅಳಿಸೋಕೆ ಏನೂ ಇರಲೇ ಇಲ್ಲ. ನಿಮ್ಮೆಜಮಾನರು ಹೊಸ ಇಂಜಿನ್ ಇಟ್ಟುಕೊಂಡಿದ್ರು, ಅಷ್ಟೇ."

ಆ ಹೆಂಗಸು ಅಳುವುದಿಲ್ಲ. ಪೆಟ್ಟಿಗೆಯ ಹಲಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ.

ಇನ್ನು ಬೆಲೆ. ಈ ಆರು ಸಿಲಿಂಡರಿನ ಇಂಜಿನ್ ಹಿಡಿಸುವ ಕಾರುಗಳು ಇನ್ನೂ ತೊಂಬತ್ತು ಉಳಿದಿರಬಹುದು ಎಂಬುದು ಸ್ಟೋರಕ್ಕನ ಅಂದಾಜು. ಆ ಇಂಜಿನ್ನುಗಳೆಲ್ಲ ವಯಸ್ಸಾದ ಮೇಲೆ ಒಂದೇ ಜಾಗದಲ್ಲಿ ಬಿರುಕು ಬಿಡುತ್ತವೆ, ಹಾಗಾಗಿ ಬೇಡಿಕೆ ಇದ್ದೇ ಇದೆ. ಒಣಗಿದ ರಬ್ಬರ್ ಸೀಲುಗಳಿಗೆ, ತುಕ್ಕು ಕಂಡ ನೀರಿನ ಪಂಪಿಗೆ ಒಂದಿಷ್ಟು ಕಳೆಯುತ್ತಾರೆ. ಒಂದು ದಿನ ಎಣ್ಣೆ ಕುಡಿಸಿದ ಮೇಲೇ ಕೈಯಲ್ಲಿ ತಿರುಗಿಸಬೇಕು, ಆಗ ಸಲೀಸಾಗಿ ತಿರುಗಿದರೆ ಮಾತ್ರ ಈ ಬೆಲೆ ಎಂದು ಬರೆಯುತ್ತಾರೆ. ಕೊನೆಗೆ ಬಂದದ್ದು ಗುಜರಿಯವನು ಹೇಳಿದ್ದರ ಮೂವತ್ತೆಂಟು ಪಟ್ಟು.

ಮೈದುನ ಪಂಚುಗಳ ಡಬ್ಬಿಯ ಕಡೆ ನೋಡುತ್ತಾರೆ. "ನಾನು ನಂಬರ್ ಹೊಡೆದಿದ್ದರೆ?"

"ಹತ್ತು ಪಟ್ಟೂ ಇರ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿವರೆಗೆ ಇಲ್ಲದ ಕಳ್ಳತನ ಅವತ್ತು ಶುರುವಾಗ್ತಿತ್ತು. ಅಣ್ಣನ ಮಾನ ಉಳಿಸೋಕೆ ಹೋಗಿ ನೀವೇ ಅದರ ಮೇಲೆ ಸುತ್ತಿಗೆ ಹಾಕ್ತಿದ್ರಿ."

ಮೈದುನ ಡಬ್ಬಿಯನ್ನು ಕಿಟಕಿಯ ಮೇಲಿನ ಅಟ್ಟಕ್ಕೆ, ಕೈಗೆಟುಕದಷ್ಟು ಹಿಂದಕ್ಕೆ ತಳ್ಳುತ್ತಾರೆ.

ಸ್ಟೋರಕ್ಕನ ವರದಿ ಯಾವಾಗಲೂ ಒಂದೇ ಹಾಳೆ. ಬಣ್ಣ, ಗೆರೆ, ಹಲ್ಲು, ಮಸಿ, ಬೆಲೆ. "ನಂಬರ್ ಇಲ್ಲ. ಇರಬೇಕಾಗಿಯೂ ಇಲ್ಲ," ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಯಜಮಾನಿ ಓದಿ ಮುಗಿಸಿ ಹಾಳೆ ತಿರುಗಿಸಿ ನೋಡುತ್ತಾರೆ.

"ಅವರ ಹೆಸರು ಎಲ್ಲೂ ಬರಲಿಲ್ಲವಲ್ಲ ಅಕ್ಕಾ?"

"ನಾನು ಕಬ್ಬಿಣಕ್ಕೆ ಮಾತ್ರ ಸಾಕ್ಷಿ ತಂಗೀ. ಮನುಷ್ಯರ ವಿಷಯ ಬರೆಯಲ್ಲ. ಒಂದು ಸಲ ಬರೆದೇ ಕೆಟ್ಟದ್ದು."

ಹೊರಗೆ ಸ್ಕೂಟರ್ ಸ್ಟಾರ್ಟಾಗಿದೆ. ಸ್ಟೋರಕ್ಕ ಚೀಲ ಹೆಗಲಿಗೇರಿಸಿ, ಶಟರಿನವರೆಗೆ ಹೋಗಿ, ವಾಪಸ್ ಬಂದು ಕೈ ಚಾಚುತ್ತಾರೆ. ಹಾಳೆ ತೆಗೆದುಕೊಂಡು ಪೆಟ್ಟಿಗೆಯ ಮೇಲೇ ಇಟ್ಟು, ಸತ್ತ ಮೆಕ್ಯಾನಿಕ್ಕಿನ ಪೂರ್ತಿ ಹೆಸರು ಕೇಳಿ, ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಾರೆ. ಹೆಸರಿನ ಮುಂದೆ: "ಇವರು ಇಟ್ಟುಕೊಂಡಿದ್ದರು. ಚೆನ್ನಾಗಿ ಇಟ್ಟುಕೊಂಡಿದ್ದರು."

ಯಜಮಾನಿ ಅದನ್ನು ಒಮ್ಮೆ ಮನಸ್ಸಿನಲ್ಲೇ, ಇನ್ನೊಮ್ಮೆ ಬೀದಿಗೆ ಕೇಳುವಷ್ಟು ಜೋರಾಗಿ ಓದುತ್ತಾರೆ.

"ಕೊಡಿ ಅತ್ತಿಗೆ, ಜೆರಾಕ್ಸ್ ಮಾಡಿಸಿ ಬರ್ತೀನಿ," ಎನ್ನುತ್ತಾರೆ ಮೈದುನ. "ಗುಜರಿ ಅಂಗಡಿ ಬಾಗಿಲಿಗೆ ನಾನೇ ಅಂಟಿಸ್ತೀನಿ."

"ಎರಡು ಮಾಡಿಸಿ," ಎನ್ನುತ್ತಾರೆ ಸ್ಟೋರಕ್ಕ. "ಒಂದು ನನಗೆ ಬೇಕು. ಮೊದಲನೇ ಟ್ರಂಕಿನಲ್ಲಿ, ಆ ಕಾರ್ಡಿನ ಪಕ್ಕ ಇಡ್ತೀನಿ."