ಬೋರ್ಡಿನ ಮೈಲಾರಪ್ಪ ಕಾಲೇಜಿಗೆ ಹೋದದ್ದು

ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಯಾವ ಪೇಟೆಯಲ್ಲಿ ತಲೆ ಎತ್ತಿ ನೋಡಿದರೂ ಒಂದಲ್ಲ ಒಂದು ಹಳೆಯ ತಗಡಿನ ಬೋರ್ಡಿನ ಬಲಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳು ಕಾಣುತ್ತವೆ: ‘ಮೈಲಾರ ಆರ್ಟ್ಸ್, ಸವಣೂರು’. ಅಂಗಡಿಯವರು ಅದನ್ನು ಬರೆದವನನ್ನು ಕರೆಯುವುದು ಬೋರ್ಡಿನ ಮೈಲಾರಪ್ಪ ಎಂದು. ಪೂರ್ತಿ ಹೆಸರು ಮೈಲಾರಲಿಂಗ, ವಯಸ್ಸು ನಲವತ್ತೆಂಟು.

ಹುಟ್ಟಿದ್ದು ಹತ್ತಿಮತ್ತೂರಿನ ಒಕ್ಕಲುತನದ ಮನೆಯಲ್ಲಿ. ಅಣ್ಣ ಹೊಲ ನೋಡಿಕೊಂಡ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತಕ್ಕೆ ಡುಮ್ಕಿ ಹೊಡೆದ ಮೈಲಾರಲಿಂಗ ಬ್ರಷ್ ಹಿಡಿದ. ಕಿರಾಣಿ ಅಂಗಡಿ, ಖಾನಾವಳಿ, ಹಿಟ್ಟಿನ ಗಿರಣಿ, ಬೀಜ ಗೊಬ್ಬರದ ಅಂಗಡಿ, ಎಲ್ಲಕ್ಕೂ ಅವನೇ ಹೆಸರು ಬರೆದ. ಆಮೇಲೆ ಫ್ಲೆಕ್ಸ್ ಬಂತು. ಎರಡು ತಾಸಿನಲ್ಲಿ ಮಾಲೀಕನ ನಗುಮುಖದ ಫೋಟೊ ಸಮೇತ ಬೋರ್ಡು ತಯಾರಾಗುವಾಗ ಮೂರು ದಿನ ಏಣಿ ಹತ್ತಿ ಇಳಿಯುವವನನ್ನು ಯಾರು ಕೇಳುತ್ತಾರೆ? ಮೈಲಾರಲಿಂಗ ಯಾರನ್ನೂ ಬೈಯಲಿಲ್ಲ. ಶಾಲೆಯ ಗೋಡೆ, ಟ್ರ್ಯಾಕ್ಟರಿನ ಹಿಂಬದಿಯ ಹಲಗೆ, ಮದುವೆ ಮನೆಯ ಬಾಗಿಲು, ಸಿಕ್ಕ ಕಡೆ ಬರೆದ. ಹೆಂಡತಿ ಸರೋಜವ್ವ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಸಂಸಾರ ನಡೆದಿತ್ತು.

ಎರಡು ವರ್ಷದ ಹಿಂದೆ ಸವಣೂರಿನ ಒಂದು ಕಾಲೇಜಿಗೆ ಗುಣಮಟ್ಟ ಪರೀಕ್ಷಿಸುವ ತಂಡ ಬರುವುದಿತ್ತು. ಕಾಲೇಜಿನವರು ಗೋಡೆಗಳಿಗೆಲ್ಲ ಸುಣ್ಣ ಬಣ್ಣ ಹೊಡೆಸಿ, ಪಡಸಾಲೆಯುದ್ದಕ್ಕೂ ಸುಭಾಷಿತ ಬರೆಯಲು ಮೈಲಾರಲಿಂಗನನ್ನು ಕರೆಸಿದರು. ಅವನು ಏಣಿ ಇಟ್ಟುಕೊಂಡ ಜಾಗದ ಪಕ್ಕದಲ್ಲೇ ಒಂದು ತರಗತಿಯ ಕಿಟಕಿ. ಒಳಗೆ ಸಂಪದಾ ಮೇಡಂ ಪಾಠ. ಇನ್ನೂ ಮೂವತ್ತು ತುಂಬದ, ಸವಣೂರಿನ ಆಚಾರ್ಯರ ಮನೆಯ ಹುಡುಗಿ. ಹುಬ್ಬಳ್ಳಿಯಲ್ಲಿ ಎಂಬಿಎ ಓದಿ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದಳು. ಆಕೆ ಹೇಳುತ್ತಿದ್ದದ್ದು ಸೋಶಿಯಲ್ ಮೀಡಿಯಾದಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು. ಬ್ರಷ್ ಗೋಡೆಯ ಮೇಲೆ, ಕಿವಿ ಕಿಟಕಿಯೊಳಗೆ. ಹೀಗೆ ನಾಲ್ಕು ದಿನ ಕಳೆಯಿತು.

ಐದನೆಯ ದಿನ ಸಂಪದಾ ಕೇಳಿದಳು: “ಫೋನ್ ನೋಡಾವ ಬೆರಳು ಸರಸ್ಕೋತ ಇರ್ತಾನ. ನಿಮ್ಮ ಜಾಹೀರಾತಿನ ಮ್ಯಾಲೆ ಅವನ ಕಣ್ಣು ಎಷ್ಟು ಹೊತ್ತು ನಿಲ್ತದ? ಯಾರು ಹೇಳ್ತೀರಿ?”

ಏಣಿಯ ಮೇಲಿದ್ದವನಿಗೆ ಬಾಯಿ ತಡೆಯಲಿಲ್ಲ.

“ಮೂರು ಶಬ್ದ ಓದೂ ಅಷ್ಟ್ ಹೊತ್ತು ರೀ.”

ಹುಡುಗರು ಗೊಳ್ಳೆಂದು ನಕ್ಕರು. ಸಂಪದಾ ನಗಲಿಲ್ಲ. ಕಿಟಕಿಗೆ ಬಂದು ಕೇಳಿದಳು, “ಯಾಕ ಮೂರು?”

“ಓಡೂ ಬಸ್ಸಿನ್ಯಾಗ ಕುಂತಾವ ಬೋರ್ಡ್ ನೋಡ್ತಾನಲ್ರಿ ಮೇಡಂ, ಮೂರು ಶಬ್ದ ಓದೂದ್ರಾಗ ಬಸ್ಸು ಮುಂದ ಹೋಗಿರತೈತಿ. ನಾಕನೇದು ಬರದ್ರ ಬಣ್ಣ ದಂಡ.”

ಆಕೆ ಕರಿಹಲಗೆಯ ಮೇಲೆ ಆ ಮಾತನ್ನು ಹಾಗೇ ಬರೆದಳು. ಪಾಠ ಮುಗಿದ ಮೇಲೆ ಹೊರಗೆ ಬಂದು ಏಣಿಯ ಕೆಳಗೆ ನಿಂತಳು. ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ನಾಲ್ಕು ತಿಂಗಳ ಸರ್ಟಿಫಿಕೇಟ್ ಕೋರ್ಸು ಶುರುವಾಗಲಿದೆ, ಶನಿವಾರ ಭಾನುವಾರ ಮಾತ್ರ, ಹೊರಗಿನವರೂ ಸೇರಬಹುದು ಎಂದಳು.

“ನಾ ಹತ್ತನೇತ್ತ ಫೇಲ್ ರೀ ಮೇಡಂ.”

“ಓದಲಿಕ್ಕೆ ಬರೀಲಿಕ್ಕೆ ಬರ್ತದಲ್ಲ? ಇಪ್ಪತ್ತೈದು ವರ್ಷ ನೀವು ಮಾಡಿದ್ದೂ ಇದನ್ನ. ಬರ್ರಿ.”

ಮನೆಯಲ್ಲಿ ಹೇಳಿದಾಗ ಸರೋಜವ್ವ ಮೊದಲು ನಕ್ಕಳು. “ಮೀಸಿ ಬೆಳ್ಳಗಾದ ಮ್ಯಾಲ ಸಾಲಿಗೆ ಹೊಂಟ್ರ್ಯಾ?” ಅಂದವಳೇ ಮರುದಿನ ಉಳಿಕೆ ಬಟ್ಟೆಯಲ್ಲಿ ನೋಟುಬುಕ್ಕು ಹಿಡಿಸುವಂಥ ಒಂದು ಚೀಲ ಹೊಲಿದುಕೊಟ್ಟಳು.

ಮೊದಲ ಎರಡು ವಾರ ಮೈಲಾರಲಿಂಗ ಹಿಂದಿನ ಬೆಂಚಿನಲ್ಲಿ ಬೆವರಿದ. ರೀಚ್ ಅಂದರು, ಟಾರ್ಗೆಟ್ ಅಂದರು. ಎಂಗೇಜ್‌ಮೆಂಟ್ ಎಂದಾಗಲಂತೂ ಯಾರದೋ ನಿಶ್ಚಿತಾರ್ಥದ ಮಾತು ಬಂತೆಂದೇ ತಿಳಿದಿದ್ದ. ಸಂಪದಾ ಅವನ ಮುಖ ನೋಡಿ ಪ್ರತಿಯೊಂದನ್ನೂ ಮತ್ತೊಮ್ಮೆ ಕನ್ನಡದಲ್ಲಿ ಹೇಳತೊಡಗಿದಳು: ಎಷ್ಟು ಮಂದಿಗೆ ಮುಟ್ಟಿತು, ಎಷ್ಟು ಮಂದಿ ನಿಂತು ಮಾತಾಡಿಸಿದರು. ಮೂರನೆಯ ವಾರ ಅವನಿಗೆ ತಿಳಿಯಿತು, ಹೀಗೆ ಹೇಳಿದ್ದರಿಂದ ಅರ್ಧ ತರಗತಿಗೆ ಅನುಕೂಲವಾಗಿದೆ, ಆದರೆ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ ಎಂದು.

ಪಕ್ಕದಲ್ಲಿ ಕೂರುತ್ತಿದ್ದವಳು ಅಂಕಿತಾ. ತಡಸದಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದ ಬಿಕಾಂ ಹುಡುಗಿ. ಇವನನ್ನು ‘ಕಾಕಾ’ ಎಂದು ಕರೆದು, ದಪ್ಪ ಬೆರಳಿಗೆ ಫೋನಿನ ಸಣ್ಣ ಅಕ್ಷರ ಸಿಗದೆ ಹೋದಾಗಲೆಲ್ಲ ಬೇಸರವಿಲ್ಲದೆ ತೋರಿಸಿಕೊಟ್ಟಳು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಹನ್ನೊಂದನೆಯ ಸಲವೂ ಅದೇ ದನಿಯಲ್ಲಿ ಉತ್ತರ. ಮಗಳ ವಯಸ್ಸಿನವಳಿಂದ ಕಲಿಯುವಾಗ ಸಂಕೋಚವಾಗಬೇಕಿತ್ತು, ಆಗಲಿಲ್ಲ.

ಕೊನೆಯ ಎರಡು ತಿಂಗಳು ಇಬ್ಬಿಬ್ಬರು ಸೇರಿ ಒಂದು ವ್ಯಾಪಾರವನ್ನು ಆರಿಸಿ, ಸೋಶಿಯಲ್ ಮೀಡಿಯಾದಲ್ಲಿ ಅದಕ್ಕೊಂದು ಪೇಜ್ ಮಾಡಿ ನಡೆಸಬೇಕಿತ್ತು. ಅಂಕಿತಾ ಮೊದಲು ಶಿಗ್ಗಾಂವಿಯಲ್ಲಿ ನಾಲ್ಕು ಅಂಗಡಿ ಸುತ್ತಿದಳು. “ಆನ್‌ಲೈನ್ ಅಂದ್ರ ಬರೀ ಮೋಸ, ಬ್ಯಾಡವಾ” ಎಂದು ಎಲ್ಲರೂ ಕೈ ಅಲ್ಲಾಡಿಸಿದರು. ಆಗ ಮೈಲಾರಲಿಂಗ ಅವಳನ್ನು ಹಾನಗಲ್ಲಿಗೆ ಕರೆದೊಯ್ದ. ಅಲ್ಲಿ ಜಾಹೀದನ ಬ್ಯಾಂಡ್ ಕಂಪನಿ. ಮದುವೆ ಮೆರವಣಿಗೆಗೆ ಹನ್ನೆರಡು ಮಂದಿಯ ಮೇಳ. ದೊಡ್ಡ ಡ್ರಮ್ಮಿನ ಮೇಲೆ ಹೆಸರು ಬರೆದುಕೊಟ್ಟವನು ಮೈಲಾರಲಿಂಗನೇ. “ಭಾಯ್, ನೀವು ಹೇಳಿದ್ರ ಖಾತ್ರಿ ಐತಿ. ಏನ್ ಬೇಕೋ ಮಾಡ್ರಿ” ಎಂದ ಜಾಹೀದ.

ಮಾವಿನ ತೋಟದ ನೆರಳಿನಲ್ಲಿ ಮೇಳದವರು ತಾಲೀಮು ಮಾಡುವುದನ್ನು ಅಂಕಿತಾ ಚಿತ್ರೀಕರಿಸಿದಳು. ಅದರ ಮೇಲೆ ಮೂರೇ ಶಬ್ದ: ‘ಮದುವೆಗೆ ಜಾಹೀದ್ ಬ್ಯಾಂಡ್’. ಕೆಳಗೆ ನಾಲ್ಕು ಸಾಲು ವಿವರ, ಕರೆ ಮಾಡಲು ನಂಬರು. ಮೂರು ವಾರದಲ್ಲಿ ಆರು ಸಾವಿರ ಮಂದಿ ನೋಡಿದರು. ಇಬ್ಬರೂ ಹಿಗ್ಗಿದರು. ಅಷ್ಟರಲ್ಲಿ ಜಾಹೀದನ ಫೋನು ಬಂತು.

“ಭಾಯ್, ನೋಡಿದೋರು ಆರು ಸಾವಿರ ಅಂತೀರಿ. ನನಗ ಒಬ್ಬಾಂವನೂ ಫೋನ್ ಮಾಡಿಲ್ಲ. ಲಗ್ನದ ಸೀಜನ್ ಮುಗೀಲಿಕ್ಕ ಬಂತು.”

ಮೈಲಾರಲಿಂಗ ನೋಟುಬುಕ್ಕು ತೆರೆದು ನಂಬರು ತಾಳೆ ನೋಡಿದ. ಒಂದು ಅಂಕಿ ಬೇರೆ ಇತ್ತು. ಅವನಿಗೆ ಕನ್ನಡ ಅಂಕಿಗಳನ್ನು ಸುತ್ತು ತಿರುವು ಕೊಟ್ಟು ಬರೆಯುವುದೆಂದರೆ ಪ್ರಾಣ. ಅವನು ಬರೆದ ೬ ಅನ್ನು ಅಂಕಿತಾ ೯ ಎಂದು ಓದಿ ಪೇಜಿಗೆ ಹಾಕಿದ್ದಳು. ಹುಡುಗಿಯ ಕಣ್ಣು ತುಂಬಿ ಬಂತು.

“ಅಳಬ್ಯಾಡ ತಂಗಿ. ಶೋಕಿಗೆ ಬರದಾವ ನಾನು. ತಪ್ಪು ನಂದು.”

ನಂಬರು ತಿದ್ದಿ, ಆಮೇಲೆ ಆ ತಪ್ಪು ನಂಬರಿಗೇ ಕರೆ ಮಾಡಿದ. ಅತ್ತ ಕಡೆ ವಯಸ್ಸಾದ ಹೆಣ್ಣುದನಿ. “ಬ್ಯಾಂಡಿನವರೇನು? ಹಿರೇಕೆರೂರಿಗೆ ಬರ್ರಿ. ಫೋನಿನ್ಯಾಗ ಮುಗಿಯೂ ಮಾತಲ್ಲ ಇದು.” ವಿಳಾಸ ಹೇಳಿ ಇಟ್ಟುಬಿಟ್ಟರು.

ಮರು ಭಾನುವಾರ ತರಗತಿ ತಪ್ಪಿಸಿ ಇಬ್ಬರೂ ಹಾವೇರಿಯಲ್ಲಿ ಬಸ್ಸು ಬದಲಿಸಿ ಹೊರಟರು. ದಾರಿಯುದ್ದಕ್ಕೂ ಮೈಲಾರಲಿಂಗ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದ.

ಆ ಮನೆ ಗೋಪಿಕಾಬಾಯಿಯವರದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಮಗ ವಕೀಲ, ಹೊರಗಿನ ಕೋಣೆಯಲ್ಲಿ ಕಕ್ಷಿದಾರರ ಗದ್ದಲ. ಆಕೆ ಇವರನ್ನು ಒಳಗೆ ಕೂಡಿಸಿ ಅವಲಕ್ಕಿ ತಟ್ಟೆ ಮುಂದಿಟ್ಟರು. “ಮೊದಲ ತಿನ್ರಿ. ಆಮ್ಯಾಲೆ ಬೈಸಿಕೊಳ್ಳೀರಂತ.”

ತಿಂದಾದ ಮೇಲೆ ಒಂದು ಹಾಜರಿ ಪುಸ್ತಕ ತಂದರು. ಗೆರೆ ಎಳೆದು, ಮುತ್ತಿನಂಥ ಅಕ್ಷರದಲ್ಲಿ ಹದಿನೇಳು ಹೆಸರು. ಪ್ರತಿ ಹೆಸರಿನ ಮುಂದೆ ಊರು, ಫೋನ್ ನಂಬರು, ಮದುವೆಯ ದಿನ. ಕಡೆಯ ಅಂಕಣದಲ್ಲಿ ಷರಾ: ‘ಅವಸರದವರು’, ‘ಬೀಗರು ಹಟಮಾರಿ, ಮೊದಲು ಇವರಿಗೆ ಮಾಡುವುದು’, ‘ಹುಡುಗಿಯ ತಂದೆ, ಭಾಳ ಮೆತ್ತಗಿನ ಮನುಷ್ಯ’.

ಅಂಕಿತಾ ಕೇಳಿದಳು, “ರಾಂಗ್ ನಂಬರ್ ಅಂತ ಯಾಕ ಇಡಲಿಲ್ರಿ ಅಜ್ಜಿ?”

“ಲಗ್ನದ ಮನಿಯವರು ಫೋನ್ ಮಾಡ್ಯಾರ. ಅವರಿಗೆ ‘ತಪ್ಪು’ ಅಂತ ಹೇಳಿ ಇಡಬೇಕೇನು? ಬ್ಯಾಂಡಿನವರು ನಾಲ್ಕು ದಿನದಾಗ ನಿಮಗ ತಿರುಗಿ ಮಾಡ್ತಾರ ಅಂತ ಹೇಳೇನಿ. ನೀವೂ ಎಂದರ ಬಂದ ಬರ್ತೀರಿ ಅಂತ ಗೊತ್ತಿತ್ತು.”

ಆಮೇಲೆ ಫೋನು ತೆಗೆದು ಪೇಜು ತೋರಿಸಿದರು. “ಈಗ ಬೈತೇನಿ. ‘ಶುಬ ಸಮಾರಂಬ’ ಅಂತ ಬರದೀರಲ್ಲ, ನಿಮ್ಮ ಊರಾಗ ಮಹಾಪ್ರಾಣ ಸಿಗೂದಿಲ್ಲೇನು?”

“ಅದು ನಾನ ರೀ ಬರದದ್ದು. ಬೋರ್ಡ್ ಬರೀತೇನ್ರಿ, ಮೈಲಾರ ಆರ್ಟ್ಸ್ ಅಂತ…”

ಗೋಪಿಕಾಬಾಯಿ ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸವಣೂರಿನ ಮೈಲಾರ ಆರ್ಟ್ಸ್? ಇಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಬೀಜದ ಅಂಗಡಿ ಮ್ಯಾಲೆ ‘ಔಷದ’ ಅಂತ ಬರದವರು ನೀವೇನು? ಹದಿನೈದು ವರ್ಷ ಆ ಬೋರ್ಡಿನ ಕೆಳಗ ಹಾದು ಸಾಲಿಗೆ ಹೋಗೇನಿ. ದಿನಾ ಹೊಟ್ಟಿ ಉರದದ ನೋಡ್ರಿ!”

ಅಂಕಿತಾ ನಗು ತಡೆಯಲಾರದೆ ಸೆರಗಿನಂತೆ ವೇಲನ್ನು ಬಾಯಿಗೊತ್ತಿಕೊಂಡಳು. ಗೋಪಿಕಾಬಾಯಿಯೂ ನಕ್ಕರು. ಕಡೆಗೆ ಮೈಲಾರಲಿಂಗನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿದ್ದವು. ಇಷ್ಟು ವರ್ಷ ಅಕ್ಷರ ದುಂಡಗಿದೆ ಎಂದು ಹೊಗಳಿದವರು ಬಹಳ. ತಪ್ಪಾಗಿದೆ ಎಂದು ಮುಖಕ್ಕೆ ಹೇಳಿದವರು ಇವರೊಬ್ಬರೇ. ಎದ್ದು ಅವರ ಕಾಲು ಮುಟ್ಟಿ ನಮಸ್ಕರಿಸಿದ.

ಅಂದು ಮಧ್ಯಾಹ್ನವೇ ಬೀಜದ ಅಂಗಡಿಯವರ ಮನೆಗೆ ಹೋಗಿ ಅಪ್ಪಣೆ ಕೇಳಿ, ಏಣಿ ಇಸಿದುಕೊಂಡ. ಪೇಟೆಯಲ್ಲಿ ಒಂದು ಸಣ್ಣ ಡಬ್ಬಿ ಕೆಂಪು ಬಣ್ಣ, ಒಂದು ಬ್ರಷ್ ಸಿಕ್ಕವು. ‘ದ’ದ ಹೊಟ್ಟೆಯ ಕೆಳಗೆ ಒಂದೇ ಒಂದು ಸಣ್ಣ ಗೀರು ಎಳೆದ. ಔಷಧವಾಯಿತು. ಕೆಳಗೆ ಕೊಡೆ ಹಿಡಿದು ನಿಂತಿದ್ದ ಗೋಪಿಕಾಬಾಯಿ, “ಸಾಕು, ಇಳೀರಿ. ಬಿಸಲದ” ಎಂದರು.

ಹದಿನೇಳು ಮನೆಗಳಿಗೂ ಜಾಹೀದ ತಿರುಗಿ ಫೋನು ಮಾಡಿದ. ಷರಾ ನೋಡಿಕೊಂಡು ಅವಸರದವರಿಗೆ ಮೊದಲು, ಹಟಮಾರಿ ಬೀಗರಿಗೆ ಬೆಲ್ಲದಂಥ ಮಾತಿನಲ್ಲಿ. ಆರು ಮಂದಿ ಆಗಲೇ ಬೇರೆ ಮೇಳ ಗೊತ್ತುಮಾಡಿದ್ದರು. ಹನ್ನೊಂದು ಮದುವೆ ಸಿಕ್ಕವು. ತಪ್ಪು ನಂಬರಿನ ಬಗ್ಗೆ ಜಾಹೀದ ಒಂದೂ ಕಟು ಮಾತು ಆಡಲಿಲ್ಲ. “ಆ ಬಾಯಾರ ಮನ್ಯಾಗ ಏನರ ಶುಭಕಾರ್ಯ ಇದ್ರ ಹೇಳ್ರಿ ಭಾಯ್, ಮೇಳ ನಮ್ಮದು” ಎಂದ, ಅಷ್ಟೆ.

ಕೋರ್ಸಿನ ಕೊನೆಯ ದಿನ ಎಲ್ಲರೂ ತಮ್ಮ ಕೆಲಸ ತೋರಿಸಬೇಕಿತ್ತು. ಉಳಿದ ಜೋಡಿಗಳು ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ಏರಿಸಿದವು. ಒಬ್ಬರಿಗೆ ಇಪ್ಪತ್ತು ಸಾವಿರ ಮಂದಿ, ಇನ್ನೊಬ್ಬರಿಗೆ ನಲವತ್ತು. ಮೈಲಾರಲಿಂಗ ನಕ್ಷೆ ಮಾಡಿರಲಿಲ್ಲ. ಹಾಜರಿ ಪುಸ್ತಕದ ಆ ಹಾಳೆಯ ಫೋಟೊ ಒಂದನ್ನೇ ಹಾಕಿದ. ತಪ್ಪು ಹೇಗಾಯಿತು ಎನ್ನುವುದನ್ನು ಏನೂ ಮುಚ್ಚಿಡದೆ ಹೇಳಿದ.

“ನಮ್ಮನ್ನ ನೋಡಿದೋರು ಆರು ಸಾವಿರ ಮಂದಿ ರೀ. ಕರದೋರು ಹದಿನೇಳ ಮಂದಿ. ಆ ಹದಿನೇಳೂ ಮಂದಿನ್ನ ಜ್ವಾಕಿ ಮಾಡಿ ಇಟ್ಟಾಕಿ, ನಮ್ಮ ಗುರ್ತ ಪರಿಚಯ ಇಲ್ಲದ ಒಬ್ಬ ತಾಯಿ. ಪೇಜ್ ಮಾಡೂದು ಮೇಡಂ ಕಲಿಸಿದ್ರು. ಫೋನ್ ಎತ್ತಿದ ಮ್ಯಾಲ ಹೆಂಗ ಮಾತಾಡಬೇಕಂತ ಅವರು ಕಲಿಸಿದ್ರು.” ಕೈ ಮುಗಿದು ಬೆಂಚಿಗೆ ಬಂದು ಕೂತ.

ಸಂಪದಾ, “ಈ ಹಾಳಿ ಫೋಟೊ ನನಗೊಂದು ಕಳಸ್ರಿ. ಮುಂದಿನ ಸಲ ಪಾಠಕ್ಕ ಬೇಕು” ಎಂದಳು. ಅಂಕ ಕೊಟ್ಟಾಗ ಮಾತ್ರ ಕನಿಕರ ತೋರಿಸಲಿಲ್ಲ. ನಂಬರು ಪರೀಕ್ಷಿಸದ್ದಕ್ಕೆ ಐದು ಕಡಿತ. ಅದು ಅವನಿಗೆ ಸರಿಯೆನಿಸಿತು. ತನ್ನನ್ನು ಪಾಪ ಅನ್ನದೆ ವಿದ್ಯಾರ್ಥಿ ಅಂದರಲ್ಲ ಎಂದು ಸರೋಜವ್ವನ ಮುಂದೆ ಹೇಳಿಕೊಂಡು ಖುಷಿಪಟ್ಟ.

ಈಗ ಮೈಲಾರಲಿಂಗ ಒಂಬತ್ತು ಅಂಗಡಿಗಳ ಪೇಜು ನೋಡಿಕೊಳ್ಳುತ್ತಾನೆ. ಎರಡು ಅಂಗಡಿಯವರು ಇದರಿಂದ ಉಪಯೋಗವಿಲ್ಲ ಎಂದು ಬಿಟ್ಟರು. ಅದೂ ನಿಜವೇ, ಓಣಿಯವರಷ್ಟೇ ಬರುವ ಗಿರಣಿಗೆ ಪೇಜು ಯಾಕೆ? ಬ್ರಷ್ ಕೂಡ ಬಿಟ್ಟಿಲ್ಲ. ಕೈಬರಹದ ಬೋರ್ಡೇ ಬೇಕು ಎನ್ನುವವರು ಆ ಪೇಜುಗಳನ್ನು ನೋಡಿಯೇ ಒಬ್ಬೊಬ್ಬರಾಗಿ ಬರತೊಡಗಿದ್ದಾರೆ. ಅಂಕಿತಾ ಹುಬ್ಬಳ್ಳಿಯಲ್ಲಿ ಎಂಕಾಂ ಓದುತ್ತಾಳೆ, ರಜೆಗೆ ಬಂದಾಗ ಸರೋಜವ್ವನ ಕೈಯ ಜೋಳದ ರೊಟ್ಟಿ ಉಂಡೇ ತಡಸದ ಬಸ್ಸು ಹತ್ತುತ್ತಾಳೆ. ಏನು ಬರೆದರೂ ಅವನು ಮೊದಲು ಹಿರೇಕೆರೂರಿಗೆ ಕಳಿಸುತ್ತಾನೆ. ತಿದ್ದಿದ ಪ್ರತಿ ಸಂಜೆಯೊಳಗೆ ಬರುತ್ತದೆ; ಕೆಲವೊಮ್ಮೆ ಬೈಗುಳದ ಜೊತೆ.

ಯಾರಾದರೂ ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರೆ ಅವನು ಕಾಲೇಜಿನ ಹೆಸರು ಹೇಳಿ ಸುಮ್ಮನಾಗುವುದಿಲ್ಲ. “ಮೂರು ಮಂದಿ ಗುರುಗಳು ರೀ ನನಗ. ಮೂವರೂ ಹೆಣ್ಣಮಕ್ಕಳು. ಒಬ್ಬಾಕಿಗಿ ಇನ್ನೂ ಇಪ್ಪತ್ತೆರಡು, ಒಬ್ಬರಿಗೆ ಎಪ್ಪತ್ತು ದಾಟೈತಿ. ಕುಂದರ್ರಿ, ಹೇಳ್ತೇನಿ” ಎಂದು ಚಹಾ ತರಿಸುತ್ತಾನೆ.